ಒಡ್ಡಿನ ಬಿಳಿ ಗೆರೆ

ಕೊಕ್ಕೆಯನ್ನು ಎರಡೂ ಕೈಯಿಂದ ಹಿಡಿದು ಇಮಾಮಸಾಬ ಹಿಂದಕ್ಕೆ ವಾಲಿ ಜಗ್ಗಿದ. ನಾಲ್ಕನೇ ತೂಬಿನ ಬಾಯಿಂದ ಮೊದಲು ಹರಿದ ಕೌದಿಯ ತುಂಡು ಬಂತು. ಅದರ ಬೆನ್ನಿಗೆ ನೀರು ಕುಡಿದು ಉಬ್ಬಿದ ನೂಲಿನ ಸಿಕ್ಕು, ಅದರ ಬೆನ್ನಿಗೆ ಕ್ಷೌರದಂಗಡಿಯ ಕೂದಲಿನ ಉಂಡೆ, ಎಲ್ಲಕ್ಕೂ ಹಿಂದೆ ಹೊಟ್ಟೆಯೊಡೆದ ಹಂದಿಮರಿ. ಇಮಾಮಸಾಬ 'ತೋಬಾ ತೋಬಾ' ಎಂದು ಮುಖ ತಿರುವಿ ಉಗುಳಿದ. ಆದರೆ ಕೊಕ್ಕೆ ಬಿಡಲಿಲ್ಲ. ಹಂದಿಮರಿಯನ್ನೂ ದಂಡೆಗೆ ಎಳೆದು ಹಾಕಿ ಮತ್ತೆ ತೂಬಿಗೆ ಕೊಕ್ಕೆ ತೂರಿಸಿದ.

ಸೊಂಟದ ಮಟ ರಾಡಿ, ಅದರ ಮೇಲೆ ಗೇಣುದ್ದ ನೊರೆ. ಮೇಲಿನ ಊರು ನೂಲಗುಡ್ಡದ, ನೂಲಿಗೆ ಬಣ್ಣ ಹಾಕುವ ಭಟ್ಟಿಗಳು ಬೆಳಗ್ಗೆ ಒಂದು ಬಣ್ಣ ಬಿಟ್ಟರೆ ಸಂಜೆಗೆ ಇನ್ನೊಂದು ಬಿಡುತ್ತವೆ. ಊರಿನ ಗಟಾರುಗಳಂತೂ ಹೊತ್ತುಗೊತ್ತು ನೋಡುವುದಿಲ್ಲ. ಕೆಂಪು, ನೀಲಿ, ಹಸಿರು ಎಲ್ಲ ಕೂಡಿ ಇಲ್ಲಿ ಒಡ್ಡಿಗೆ ಬಂದು ನಿಲ್ಲುವಾಗ ಹೆಸರಿಲ್ಲದ ಒಂದು ಕಪ್ಪಾಗಿರುತ್ತಿತ್ತು. ಆ ನೂಲಿನ ಸೀರೆ ಉಟ್ಟು ಮೆರೆಯುವವರನ್ನು ಒಂದು ದಿನ ಕರೆತಂದು ಈ ದಂಡೆಯ ಮೇಲೆ ಕೂರಿಸಿ ಊಟ ಹಾಕಬೇಕು ಎಂದು ಇಮಾಮಸಾಬನಿಗೆ ಎಷ್ಟೋ ಸಲ ಅನಿಸಿತ್ತು.

"ಇಮಾಮಣ್ಣಾ!" ದಂಡೆಯ ಮೇಲಿಂದ ಕನಕಪ್ಪ ಕೂಗಿದ. ಬೆಳಗಿನ ಜಾವ ತೀರಿಕೊಂಡ ಅಮಸಿದ್ದಪ್ಪನ ತಮ್ಮ ಅವನು. ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಒತ್ತಿ ಹಿಡಿದಿದ್ದ. "ನೀ ಇಲ್ಲಿ ಏನ ಮಾಡಾಕತ್ತೀ? ಅಲ್ಲಿ ಹೆಣದ ಮುಂದ ಎಲ್ಲಾರೂ ನಿನ್ನ ಕೇಳಾಕತ್ತಾರ."

"ಎಷ್ಟೊತ್ತಿಗೆ ಎತ್ತತೀರಿ?"

"ಗುಳೇದಗುಡ್ಡದಿಂದ ಮಗಳು ಬರಬೇಕು. ಹನ್ನೆರಡ ಆಗತೈತಿ. ಮತ್ತ ನೋಡಣ್ಣಾ, ಹಿರ್ಯಾರು ಒಂದ ಮಾತ ಅಂದಾರ. ಜಳಕಕ್ಕ ಈ ಹಳ್ಳ ಬ್ಯಾಡ, ಹತ್ತಿ ಮಿಲ್ಲಿನ ಬಾವಿಗೆ ಹೋಗೂಣು ಅಂತ."

ಇಮಾಮಸಾಬ ಕೊಕ್ಕೆಯನ್ನು ರಾಡಿಯಲ್ಲಿ ಊರಿ ನಿಂತ. ಮಣ್ಣಿಗೆ ಹೋದವರೆಲ್ಲ ಹಳ್ಳದ ಹರಿಯುವ ನೀರಿನಲ್ಲಿ ಮುಳುಗಿ, ಒದ್ದೆ ಮೈಯಲ್ಲೇ ಸತ್ತವನ ಮನೆಗೆ ಹೋಗಿ ಅಲ್ಲಿ ಹಚ್ಚಿಟ್ಟ ದೀಪ ನೋಡಬೇಕು. ಮುಳುಗದವರು ಹೊಸ್ತಿಲು ದಾಟುವಂತಿಲ್ಲ. ಅಮಸಿದ್ದಪ್ಪನ ಅಪ್ಪನಿಗೂ ಅಜ್ಜನಿಗೂ ಇದೇ ಹಳ್ಳದಲ್ಲಿ ಮಂದಿ ಮುಳುಗಿದ್ದರು.

"ಹನ್ನೆರಡರ ತನಕ ನನಗ ಬಿಡು, ಕನಕಪ್ಪ. ಜಳಕ ಹಳ್ಳದಾಗನ ಆಗಬೇಕು. ನಾ ನಿಮ್ಮಣ್ಣಗ ಮಾತ ಕೊಟ್ಟೀನಿ."

"ಇದರಾಗ ಯಾರ ಮುಳಗ್ಯಾರೋ? ಎಮ್ಮೀನೂ ಒಲ್ಲೆ ಅಂತೈತಿ."

"ನೀರ ಹರಿಯೂಹಂಗ ಮಾಡತೇನಿ. ಮುಳಗೂದು ಬಿಡೂದು ನಿಮಗ ಬಿಟ್ಟದ್ದು."

ಕನಕಪ್ಪ ಒಡ್ಡಿನ ಕಡೆ ನೋಡಿದ. ಒಡ್ಡಿನ ನಟ್ಟನಡುವೆ, ಮೇಲಿನಿಂದ ನೀರಿನ ತನಕ, ಅಂಗೈ ಅಗಲದ ಬಿಳಿ ಗೆರೆಯೊಂದು ಇಳಿದಿತ್ತು. ಆಚೆಗಿನ ಮೂರು ತೂಬು ಕೆಳಗಿನ ಊರು ಬೇಲಹಾಳದವು, ಇಮಾಮಸಾಬನ ಪಾಲಿನವು. ಈಚೆಗಿನ ಮೂರು ನೂಲಗುಡ್ಡದವು, ಅಮಸಿದ್ದಪ್ಪನವು.

"ನೀ ಗೆರಿ ದಾಟಿಯಲ್ಲೋ," ಎಂದ ಕನಕಪ್ಪ.

"ಹೌದು," ಎಂದ ಇಮಾಮಸಾಬ, "ಮೂರ ತಿಂಗಳ ತಡಾ ಮಾಡಿ."

* * *

ಎಪ್ಪತ್ತರ ಮಳೆಗಾಲ ಮುಗಿದ ಮೇಲೆ ಬೇಲಹಾಳದಲ್ಲಿ ಮನೆಗೊಬ್ಬರಿಗೆ ಕಾಮಣಿ ಬಂತು. ಕುಡಿಯುವ ನೀರಿನ ಬಾವಿ ಹಳ್ಳದ ದಂಡೆಗೇ ಇತ್ತು. ಮೇಲಿನ ಊರು ಬಿಟ್ಟದ್ದನ್ನು ಕೆಳಗಿನ ಊರು ಕುಡಿಯುತ್ತಿತ್ತು. ಹಳದಿ ಕಣ್ಣಿನ ಮಂದಿ ಬಡಿಗೆ ಹಿಡಿದು ನೂಲಗುಡ್ಡದ ಭಟ್ಟಿಗಳಿಗೆ ನುಗ್ಗಿದರು. ಬಾಗಲಕೋಟೆಯಿಂದ ಸಾಹೇಬರು ಬಂದು ಎರಡೂ ಪುರಸಭೆಗಳನ್ನು ಎದುರುಬದುರು ಕೂರಿಸಿ ಒಪ್ಪಂದ ಮಾಡಿಸಿದರು. ಊರುಗಳ ನಡುವೆ ಹಳ್ಳಕ್ಕೆ ಒಡ್ಡು, ಒಡ್ಡಿಗೆ ಆರು ತೂಬು, ತೂಬಿಗೆ ಕಬ್ಬಿಣದ ಸರಳು. ಹೊಲಸು ಸರಳಿಗೆ ನಿಲ್ಲಬೇಕು, ನೀರು ಮುಂದೆ ಹೋಗಬೇಕು, ನಿಂತದ್ದನ್ನು ದಿನಾ ತೆಗೆಯಲು ಒಂದೊಂದು ಊರು ಒಬ್ಬೊಬ್ಬ ಆಳು ಕೊಡಬೇಕು. ಎಲ್ಲರೂ ಹಾರ ಹಾಕಿಕೊಂಡು ಒಡ್ಡಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಹಳ್ಳ ಶುದ್ಧ ಮಾಡುವ ಕೆಲಸದಲ್ಲಿ ದೊಡ್ಡವರು ಮಾಡಿದ್ದು ಅಷ್ಟೇ.

ಅಮಸಿದ್ದಪ್ಪ ಕುರಿ ಮಾರಿ ಈ ಕೆಲಸಕ್ಕೆ ಬಂದವನು. ಕೋಲು ಹಿಡಿದ ಕೈಗೆ ಕೊಕ್ಕೆ ಬಂತು, ಬೇರೇನೂ ಬದಲಾಗಲಿಲ್ಲ. ಬೆಳಿಗ್ಗೆ ಎದ್ದು 'ಏ ಬೀರಪ್ಪಾ' ಎಂದು ನೀರಿಗಿಳಿದರೆ ಬಿಸಿಲೇರುವವರೆಗೆ ಮೇಲೆ ಬರುತ್ತಿರಲಿಲ್ಲ. ಇಮಾಮಸಾಬ ಬೇಲಹಾಳದಿಂದ ಸೈಕಲ್ ತುಳಿದು ಬರುವಷ್ಟರಲ್ಲಿ ಎರಡು ತೂಬು ಖಾಲಿಯಾಗಿರುತ್ತಿದ್ದವು. ನಿನ್ನದು ನನ್ನದು ಎಂಬುದಿರಲಿಲ್ಲ. ಆರನ್ನೂ ಇಬ್ಬರೂ ಕೂಡಿ ತೆಗೆದು, ದಂಡೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಆ ಐದು ವರ್ಷ ಹಳ್ಳದ ತಳದ ಉಸುಕು ಕಾಣುತ್ತಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ.

ಎಪ್ಪತ್ತಾರರಲ್ಲಿ ಯಾರೋ ಬೆರಕಿ ಗುಮಾಸ್ತನಿಗೆ, ನಮ್ಮ ಆಳು ಅವರ ಊರಿನ ಹೊಲಸು ಯಾಕೆ ತೆಗೆಯಬೇಕು ಎಂದು ಹೊಳೆಯಿತು. ಪತ್ರ ಹೋದವು, ಪತ್ರ ಬಂದವು. ಟೇಪು ಹಿಡಿದು ಒಡ್ಡನ್ನು ಅಳೆದು ನಡುವೆ ಬಿಳಿ ಬಣ್ಣ ಬಳಿದರು. ಅವರವರ ಆಳು ಅವರವರ ತೂಬು; ಗೆರೆ ದಾಟಿದರೆ ನೋಟಿಸು.

ಬಣ್ಣ ಒಣಗಿ ತಿಂಗಳಾಗಿರಲಿಲ್ಲ, ಸತ್ತ ಎಮ್ಮೆಯೊಂದು ತೇಲಿ ಬಂದು ಸರಿಯಾಗಿ ಗೆರೆಗೆ ಅಡ್ಡಲಾಗಿ ನಿಂತಿತು. ತಲೆ ಬೇಲಹಾಳದಲ್ಲಿ, ಬಾಲ ನೂಲಗುಡ್ಡದಲ್ಲಿ. ತಲೆ ಎಲ್ಲಿದೆಯೋ ಅವರದೇ ಎಮ್ಮೆ ಎಂದು ನೂಲಗುಡ್ಡದವರು, ಭಾರ ಯಾವ ಕಡೆ ಹೆಚ್ಚೋ ಅವರು ತೆಗೆಯಲಿ ಎಂದು ಬೇಲಹಾಳದವರು. ಐದು ದಿನ ಇಬ್ಬರು ಗುಮಾಸ್ತರು ಮೂಗಿಗೆ ಕರ್ಚೀಪು ಕಟ್ಟಿಕೊಂಡು ಬಂದು ನೋಡಿ ಬರೆದುಕೊಂಡು ಹೋದರು. ಎಮ್ಮೆಯ ಹೊಟ್ಟೆ ಬ್ಯಾರಲ್ಲಿನಷ್ಟಾಯಿತು. ಆರನೇ ದಿನ ಅದು ಒಡೆದ ಸಪ್ಪಳಕ್ಕೆ ಅಮಸಿದ್ದಪ್ಪ ಹಗ್ಗ ಹಿಡಿದು ಮನೆಯಿಂದ ಹೊರಗೆ ಬಂದ.

"ಲೇ ಇಮಾಮಾ! ಕೋಡಿಗೆ ನೀ ಕಟ್ಟು, ಕಾಲಿಗೆ ನಾ ಕಟ್ಟತೇನಿ. ಎಳಿ!"

"ನೋಟಿಸ್ ಬರತೈತೋ, ಸಿದ್ದ."

"ಬರ್ಲಿ. ಮೂಗಿಗೆ ಹಿಡಕೊಳ್ಳಾಕ ಒಂದ ಕಾಗದ ಆಗತೈತಿ."

ಎಳೆದರು, ಹೂತರು. ಇಬ್ಬರಿಗೂ ನೋಟಿಸು ಬಂತು. ಅಮಸಿದ್ದಪ್ಪ ತನ್ನದನ್ನು ಒಲೆಗೆ ಹಾಕಿದ. ಇಮಾಮಸಾಬ ಮಾತ್ರ ಅದನ್ನು ಟ್ರಂಕಿನಲ್ಲಿಟ್ಟು, ಮೂರು ಹೆಣ್ಣುಮಕ್ಕಳ ಮುಖ ನೋಡಿ, ಅಂದಿನಿಂದ ಗೆರೆಯ ತನ್ನ ಬದಿಯಲ್ಲೇ ಉಳಿದ. ಅವನು ಬಿಟ್ಟರೂ ಅಮಸಿದ್ದಪ್ಪ ಬಿಡಲಿಲ್ಲ. ಯಾರೂ ಇಲ್ಲದಾಗ ಆಚೆ ಹೋಗಿ ಬೇಲಹಾಳದ ಮೂರನ್ನೂ ಒಂದು ಕೈ ನೋಡಿ ಬರುತ್ತಿದ್ದ.

* * *

ಹನ್ನೊಂದೂವರೆಗೆ ಆರನೇ ತೂಬು 'ಗಳ್' ಎಂದು ಬಾಯಿ ಬಿಟ್ಟಿತು. ಈಚೆಯ ಬದಿಗೆ ಮೂರು ತಿಂಗಳು ನಿಂತಿದ್ದ ನೀರು ಕದಲಿ, ಸುಳಿ ತಿರುಗಿ, ಮುಂದಕ್ಕೆ ನಡೆಯಿತು. ಇಮಾಮಸಾಬ ಒಂದು ಬೀಡಿ ಸೇದುವಷ್ಟು ಹೊತ್ತು ಅದನ್ನೇ ನೋಡಿ, ಹಾಗೇ ಸತ್ತವನ ಮನೆಯ ಕಡೆ ಹೊರಟ.

ಮನೆ ದಂಡೆಯಿಂದ ಕೂಗಳತೆಯಲ್ಲೇ ಇತ್ತು. ಅಮಸಿದ್ದಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ಬೀರಪ್ಪನ ಅರಿಸಿನದ ಭಂಡಾರ, ಮೈಗೆ ಹೊಸ ಕಂಬಳಿ. ಎಡಗಾಲನ್ನು ಮಾತ್ರ ಬಟ್ಟೆಯಿಂದ ಬಿಗಿದು ಮುಚ್ಚಿದ್ದರು. ಮಂದಿ ಇಮಾಮಸಾಬನಿಗೆ ದಾರಿ ಬಿಟ್ಟದ್ದು ಗೌರವಕ್ಕಲ್ಲ, ವಾಸನೆಗೆ. ಹೆಣದ ಮುಂದೆ ಕೂತಿದ್ದ ರಾಮವ್ವ ಒಬ್ಬಳೇ ಮೂಗು ಮುಚ್ಚಲಿಲ್ಲ. ಹದಿಮೂರು ವರ್ಷ ಅದೇ ವಾಸನೆಯ ಗಂಡನ ಜೊತೆ ಬಾಳಿದವಳು ಅವಳು.

ಅಷ್ಟರಲ್ಲಿ ಎರಡು ಜೀಪು ಬಂದವು. ನೂಲಗುಡ್ಡದ ಅಧ್ಯಕ್ಷ ಕಾಳಪ್ಪ ಒಂದರಿಂದ ಇಳಿದ, ಬೇಲಹಾಳದ ಅಧ್ಯಕ್ಷ ಹನಮಂತಪ್ಪ ಇನ್ನೊಂದರಿಂದ. ಇಬ್ಬರ ಕೈಯಲ್ಲೂ ಹಾರ. ಬಾಗಿಲಲ್ಲಿ ಇಬ್ಬರೂ ಒಟ್ಟಿಗೇ ಒಳಗೆ ತೂರಲು ಹೋಗಿ ಭುಜಕ್ಕೆ ಭುಜ ತಾಗಿಸಿಕೊಂಡರು.

"ಅಮಸಿದ್ದಪ್ಪ ನಮ್ಮ ಪುರಸಭೆಯ ಆಸ್ತಿ ಇದ್ದ," ಎಂದು ಕಾಳಪ್ಪ ದೊಡ್ಡ ದನಿ ತೆಗೆದ. "ಹಳ್ಳಕ್ಕ ಜೀವಾ ಕೊಟ್ಟ."

"ಊರು ನಿಮ್ಮದಿದ್ದೀತು, ಅವ ಕಾದದ್ದು ನಮ್ಮ ನೀರು," ಎಂದ ಹನಮಂತಪ್ಪ. "ಎರಡೂ ಊರು ಕೂಡಿಸಿದ ಮನಷ್ಯಾ."

ಬೆಳಿಗ್ಗೆ ಹಂದಿಮರಿ ಎಳೆದಾಗಲೂ ಇಮಾಮಸಾಬನಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ಮೂರು ತಿಂಗಳ ಹಿಂದೆ ರಾಡಿಯೊಳಗಿನ ಬಾಟಲಿ ಚೂರು ಅಮಸಿದ್ದಪ್ಪನ ಕಾಲು ಸೀಳಿತ್ತು. ಕಾಲು ಮೊದಲು ಬಾತಿತು, ಆಮೇಲೆ ಕರ್ರಗಾಯಿತು. ಬಾಗಲಕೋಟೆಯ ದವಾಖಾನೆಯವರು ತೊಡೆಯ ತನಕ ತೆಗೆಯಬೇಕೆಂದರು. 'ಒಂದ ಕಾಲಾಗ ಹಳ್ಳಕ್ಕ ಹೆಂಗ ಇಳೀಲ್ರಿ' ಎಂದು ಇವನು ಮನೆಗೆ ಬಂದು ಮಲಗಿದ. ಈ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರೂ ಬಾಗಿಲಿಗೆ ಬರಲಿಲ್ಲ. ಬದಲಿ ಆಳು ಹಾಕಿರೆಂದು ಇಮಾಮಸಾಬ ಕಾಳಪ್ಪನ ಕಚೇರಿಗೆ ನಾಲ್ಕು ಸಲ ಅಲೆದಾಗ, ಮೀಟಿಂಗಿನಲ್ಲಿ ಠರಾವು ಆಗಬೇಕು ಎಂಬುದೊಂದೇ ಉತ್ತರ. ನಾನೇ ಆ ಮೂರನ್ನೂ ತೆಗೆಯಲೇ ಎಂದು ಹನಮಂತಪ್ಪನನ್ನು ಕೇಳಿದ್ದಕ್ಕೆ, ಅವರ ಹೊಲಸು ಮುಟ್ಟಿದರೆ ನಿನ್ನ ನೌಕರಿ ಹೋಯಿತೆಂದೇ ತಿಳಿ ಎಂದಿದ್ದ.

ಹನಮಂತಪ್ಪ ಈಗ ಅವನನ್ನು ಪಕ್ಕಕ್ಕೆ ಕರೆದ. "ಏನಲೇ, ಅವರ ಮೂರೂ ತೂಬಿಗೆ ಕೈ ಹಾಕಿಯಂತ? ಯಾರ ಹುಕುಮಿನ ಮ್ಯಾಲ?"

"ಸತ್ತಾವನ ಹುಕುಮ್ರಿ."

"ಆ ಹೊಲಸ ನೀರೆಲ್ಲಾ ನಮ್ಮ ಊರಿಗೆ ಬರಾಕತ್ತೈತಿ. ನಾಳೆ ನಿನಗ ನೋಟಿಸ್ ಕೊಡಸ್ತೇನಿ."

"ಇವತ್ತ ಕೊಡಸ್ರಿ. ನಾಳೆ ಅದನ್ನ ಓದಾಕ ನನಗ ಪುರಸೊತ್ತಿಲ್ಲ. ಆರ ತೂಬು ಅದಾವು."

ಹನಮಂತಪ್ಪ ಬಾಯಿ ತೆರೆದ. ಆದರೆ ಅಷ್ಟರಲ್ಲಿ ಗುಳೇದಗುಡ್ಡದ ಮಗಳು ರಂಗವ್ವ ಅಂಗಳದಿಂದಲೇ 'ಅಪ್ಪಾ' ಎಂದು ಕಿರುಚುತ್ತ ಓಡಿ ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು.

* * *

ಹೋದ ಶುಕ್ರವಾರ, ನಮಾಜು ಮುಗಿಸಿ ಇಮಾಮಸಾಬ ಇದೇ ಮನೆಗೆ ಬಂದಿದ್ದ. ಹೆಂಡತಿ ಜೈನಬಿ ಗಂಜಿ ಮಾಡಿ ಕೊಟ್ಟಿದ್ದಳು. ಅಮಸಿದ್ದಪ್ಪ ಎರಡು ಚಮಚ ಕುಡಿದು ಸಾಕೆಂದ. ಕಾಲಿನಿಂದ ಬರುತ್ತಿದ್ದ ನಾತಕ್ಕೆ ರಾಮವ್ವ ಮೂಲೆಯಲ್ಲಿ ಲೋಬಾನ ಹಾಕಿದ್ದಳು. ಎರಡೂ ಕೂಡಿ ಇನ್ನೂ ಕೆಟ್ಟದಾಗಿತ್ತು.

"ಹಳ್ಳ ಹೆಂಗೈತೋ, ಇಮಾಮಾ?"

"ಛಲೋ ಐತಿ."

"ನನ್ನ ಮೂರು?"

"ಅವೂ ಛಲೋ ಅದಾವು. ನೀರ ಹರಿಯಾಕತ್ತೈತಿ."

ಹೇಳುವಾಗ ಇಮಾಮಸಾಬ ಗೋಡೆ ನೋಡಿದ. ಅಮಸಿದ್ದಪ್ಪನ ಮೂರು ತೂಬು ಬಾಯಿ ಕಟ್ಟಿ ಆಗಲೇ ಎರಡೂವರೆ ತಿಂಗಳಾಗಿತ್ತು. ದಿನವೂ ಇಮಾಮಸಾಬ ಗೆರೆಯ ಆಚೆ ನಿಂತು ತನ್ನ ಮೂರನ್ನು ನೀಟಾಗಿ ತೆಗೆದು, ಈಚೆ ಬೆಳೆಯುವ ರಾಡಿಯ ಗುಡ್ಡೆಯನ್ನು ಕಣ್ಣಾರೆ ನೋಡಿ, ಕೈ ತೊಳೆದು ಸೈಕಲ್ ಹತ್ತುತ್ತಿದ್ದ. ಹೊಲಸಿನ ಮೇಲೆ ಸಿಟ್ಟು ಬರಲಿಲ್ಲ. ತನ್ನ ಮೇಲೇ ಬಂತು, ಬಂದದ್ದನ್ನು ನುಂಗಿದ.

"ಒಂದ ಮಾತ ನಡಸಿಕೊಡು," ಎಂದಿದ್ದ ಅಮಸಿದ್ದಪ್ಪ. "ನನ್ನ ಮಣ್ಣಿಗೆ ಬಂದಾವ್ರು ಬ್ಯಾರೆ ಬಾವಿಗೆ ಜಳಕಕ್ಕ ಹ್ವಾದ್ರ ನನಗ ನಾಚಿಕಿ. ಮಂದಿ ಏನಂದಾರು? ಹದಿಮೂರ ವರ್ಷ ಈ ಮಗಾ ಏನ ತೆಗದಾ ಅಂದಾರು. ಹಳ್ಳದಾಗನ ಮಾಡಸು."

"ಮಾಡಸ್ತೇನಿ."

"ಖರೆ?"

"ಖರೆ." ಇಮಾಮಸಾಬ ಅವನ ಕೈ ಹಿಡಿದು ಹೇಳಿದ್ದ. ಕೈ ಕಾದ ಹಂಚಿನಂತೆ ಸುಡುತ್ತಿತ್ತು.

* * *

ಹೆಣ ಒಡ್ಡಿನ ಮೇಲೆ ಹಾದು ಆಚೆಯ ದಂಡೆಗೆ ಹೋಯಿತು. ಬಿಳಿ ಗೆರೆ ದಾಟುವಾಗ ಹೊತ್ತವರಲ್ಲಿ ಯಾರೂ ಕೆಳಗೆ ನೋಡಲಿಲ್ಲ. ಬೀರಪ್ಪನ ಗುಡಿಯ ಹಿಂದೆ, ಅಪ್ಪನ ಮಗ್ಗುಲಲ್ಲೇ ತೆಗೆದಿದ್ದ ಕುಣಿಯಲ್ಲಿ ಅವನನ್ನು ಇಳಿಸಿದರು. ಭಂಡಾರ ತೂರಿದರು. ಎಲ್ಲರ ಜೊತೆ ಇಮಾಮಸಾಬನೂ ಮೂರು ಹಿಡಿ ಮಣ್ಣು ಹಾಕಿದ. ಇಬ್ಬರು ಅಧ್ಯಕ್ಷರು ಬೆರಳ ತುದಿಯಿಂದ ಒಂದೊಂದು ಚಿಟಿಕೆ ಹಾಕಿ ಕೈ ಕೊಡವಿಕೊಂಡರು.

ಎಲ್ಲರೂ ಹಳ್ಳದ ದಂಡೆಗೆ ಬಂದು ನಿಂತರು. ನೀರು ಹರಿಯುತ್ತಿತ್ತು. ಅಷ್ಟು ಮಾತ್ರ ನಿಜ. ಹರಿಯುತ್ತಿದ್ದದ್ದು ಕಪ್ಪು ನೀರು, ಅದರೊಳಗೆ ಮೇಲಿನಿಂದ ಅಂದಿನ ಕೆಂಪು ಬಣ್ಣದ ಪಟ್ಟಿಯೊಂದು ಇಳಿದು ಬರುತ್ತಿತ್ತು. ಸಾವಿನ ದಿನಕ್ಕೂ ಒಂದು ಭಟ್ಟಿ ಆರಿರಲಿಲ್ಲ. ದಂಡೆಯಲ್ಲಿ ಮೊಣಕಾಲುದ್ದ ಕೆಸರು.

ಆಗಲೇ ದಂಡೆಯ ಮೇಲೆ ಬೇಲಹಾಳದ ನೀರಿನ ಟ್ಯಾಂಕರು ಬಂದು ನಿಂತಿತ್ತು. ಈ ಒಂದು ವಿಷಯದಲ್ಲಿ ಇಬ್ಬರು ಅಧ್ಯಕ್ಷರಿಗೂ ಠರಾವಿಲ್ಲದೆ ಒಮ್ಮತವಾಗಿತ್ತು.

"ಹರಿಯೂ ನೀರ ಆಗಬೇಕಲ್ಲ? ಟ್ಯಾಂಕರಿನ ನಳದ ನೀರೂ ಹರೀತೈತಿ," ಎಂದ ಕಾಳಪ್ಪ. ಹಿರಿಯರು ತಲೆದೂಗಿದರು. ಮಂದಿ ಮೆಲ್ಲಗೆ ಟ್ಯಾಂಕರಿನ ಕಡೆ ಸರಿಯತೊಡಗಿದರು. ಕನಕಪ್ಪ ಇಮಾಮಸಾಬನ ಮುಖ ನೋಡಲಾರದೆ ನೆಲ ನೋಡಿದ.

ಇಮಾಮಸಾಬ ನೀರಿಗಿಳಿದ. ಸೊಂಟದ ತನಕ ಹೋಗಿ ತಿರುಗಿ ನಿಂತು ರಾಮವ್ವನನ್ನು ಕೂಗಿದ.

"ತಂಗೀ, ನಾ ಅವಗ ಸುಳ್ಳ ಹೇಳೀನಿ. ಹಳ್ಳ ಛಲೋ ಐತಿ ಅಂದೆ. ಮೂರ ತಿಂಗಳ ಆ ಗೆರಿಗೆ ಅಂಜಿ ಅವನ ತೂಬಿಗೆ ಕೈ ಹಚ್ಚಲಿಲ್ಲ. ಇದು ಆತನ ಹೊಲಸಲ್ಲ, ನಂದು. ನೀವ್ಯಾರೂ ಇಳೀಬ್ಯಾಡ್ರಿ, ನಾ ಒಬ್ಬನ ಮುಳಗತೇನಿ."

ರಾಮವ್ವ ಬೆಳಗಿನಿಂದ ಅತ್ತಿರಲಿಲ್ಲ. ಈಗಲೂ ಅಳಲಿಲ್ಲ.

"ಅವಗ ಗೊತ್ತಿತ್ತಣ್ಣಾ," ಎಂದಳು. "ಅವನ ಕಾಲ ಕೊಳತಿತ್ತು, ಮೂಗ ಕೊಳತಿರಲಿಲ್ಲ. ದಿನಾ ಗಾಳಿ ಬೀಸಿದಾಗ ಇವತ್ತ ನಾಕನೇದು ಕಟ್ಟಿತು, ಇವತ್ತ ಐದನೇದು ಅಂತ ಮಲಗಿದಲ್ಲೇ ಹೇಳತಿದ್ದ."

ಕಟ್ಟಿದ್ದು ತಿಳಿದೂ 'ನನ್ನ ಮೂರು?' ಎಂದು ಕೇಳಿದವನ ಮುಖ ಈಗ ಇಮಾಮಸಾಬನಿಗೆ ಬೇರೆಯಾಗಿ ಕಂಡಿತು.

ರಾಮವ್ವ ಸೀರೆಯ ನೆರಿಗೆ ಎತ್ತಿ ಕಟ್ಟದೆ, ಹಾಗೇ ಕೆಸರು ತುಳಿದು ನಡೆದು ಬಂದು ಅವನ ಪಕ್ಕದಲ್ಲಿ ಮೂಗು ಹಿಡಿಯದೆ ಮುಳುಗಿದಳು. ಎದ್ದಾಗ ಕೂದಲಿನಿಂದ ಕೆಂಪು ಸೋರುತ್ತಿತ್ತು. ಇಮಾಮಸಾಬನೂ ಮುಳುಗಿ ಎದ್ದ. ರಂಗವ್ವ ಬಂದಳು. ಕನಕಪ್ಪ ಟವೆಲ್ಲನ್ನು ದಂಡೆಗೆ ಎಸೆದು ಬಂದ. ಆಮೇಲೆ ಕಂಬಳಿ ಹೊದ್ದ ಮುದುಕರು, ಆಮೇಲೆ ಬೇಲಹಾಳದಿಂದ ನಡೆದು ಬಂದ ನಾಲ್ಕಾರು ಮಂದಿ, ಕಾಮಣಿಯ ವರ್ಷ ಬದುಕಿ ಉಳಿದವರು. ಕೆಲವರು ಮುಳುಗಿ ಎದ್ದು ದಂಡೆಯಲ್ಲಿ ವಾಂತಿ ಮಾಡಿಕೊಂಡರು. ಮಾಡಿಕೊಂಡು ಬಾಯಿ ಒರೆಸಿ, ಮನೆಯ ದಾರಿ ಹಿಡಿದರು. ಉಳಿದವರು ಟ್ಯಾಂಕರಿನ ಬಳಿ ಸಾಬೂನು ಹಚ್ಚಿಕೊಳ್ಳುತ್ತಿದ್ದರು.

ಅಮಸಿದ್ದಪ್ಪನ ಪಡಸಾಲೆಯಲ್ಲಿ, ಅವನು ಕೂತಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಮಂದಿ ಒಬ್ಬೊಬ್ಬರಾಗಿ ಒಳಗೆ ಬಂದು ದೀಪಕ್ಕೆ ಕೈಮುಗಿದು ಗೋಡೆಗುಂಟ ಕೂತರು. ಸಾರಿಸಿದ ನೆಲ ಇಲ್ಲದಂತಾಯಿತು. ಹೊಸ್ತಿಲಿನಿಂದ ದೀಪದ ತನಕ ಹೆಜ್ಜೆಯ ಮೇಲೆ ಹೆಜ್ಜೆ, ಕಪ್ಪು ರಾಡಿ, ಕೆಂಪು ನೀರು, ನೂಲಿನ ಎಳೆಗಳು. ರಾಮವ್ವ ಯಾರಿಗೂ ಕಾಲು ತೊಳೆಯಲು ನೀರು ಕೊಡಲಿಲ್ಲ. ಇಮಾಮಸಾಬ ಬಾಗಿಲ ಮಗ್ಗುಲಲ್ಲಿ ಕೂತು ಮೈಗಂಟಿದ ನೂಲಿನ ಎಳೆ ಬಿಡಿಸುತ್ತಿದ್ದ.

ಇಬ್ಬರು ಅಧ್ಯಕ್ಷರೂ ಬಂದರು. ತಲೆ ಒದ್ದೆಯಾಗಿತ್ತು, ಒಣಗಿದ ಬೇರೆ ಧೋತರ ಉಟ್ಟಿದ್ದರು, ಮೈಯಿಂದ ಚಂದನದ ಸಾಬೂನಿನ ವಾಸನೆ ಬರುತ್ತಿತ್ತು.

"ಬರ್ರಿ," ಎಂದಳು ರಾಮವ್ವ ಒಳಗಿನಿಂದ. "ದೀಪಾ ನೋಡ ಬರ್ರಿ."

ಕಾಳಪ್ಪ ಒಂದು ಚಪ್ಪಲಿ ಕಳಚಿದ. ಬರಿಗಾಲನ್ನು ಹೊಸ್ತಿಲ ಮೇಲೆತ್ತಿ, ನೆಲ ನೋಡಿ, ಹಾಗೇ ಗಾಳಿಯಲ್ಲಿ ಹಿಡಿದು ನಿಂತ. ಹಿಂದಿನಿಂದ ಹನಮಂತಪ್ಪ ಅವನ ಭುಜದ ಮೇಲೆ ಕತ್ತು ಚಾಚಿ ಇಣುಕಿದ. ಒಳಗಿನವರೆಲ್ಲ ಆ ಬಿಳಿಯ ಪಾದವನ್ನು ನೋಡುತ್ತ ಕೂತಿದ್ದರು. ಕಾಳಪ್ಪ ಕಾಲನ್ನು ಹಿಂದಕ್ಕೆ ತೆಗೆದು, ಬಗ್ಗಿ ನೋಡದೆ, ಹೆಬ್ಬೆರಳಿನಿಂದ ತಡಕಾಡಿ ಚಪ್ಪಲಿ ಹುಡುಕತೊಡಗಿದ.